ಈರಬಸಪ್ಪ ಗೋಡೆಗೆ ಗೂಟ ಹೊಡೆದದ್ದು

ಈರಬಸಪ್ಪ ತನ್ನ ಬೀಗರ ಮನೆಯಲ್ಲಿ ಸುಮ್ಮನೆ ಟೀವಿ ನೋಡಿ ಎದ್ದು ಬಂದಿದ್ದರೆ ನಮ್ಮ ಓಣಿಗೆ ಇಷ್ಟೆಲ್ಲ ಕರ್ಮ ಬರುತ್ತಿರಲಿಲ್ಲ.

ಬೀಗರು ಅಂದರೆ ಅವನ ಮಗಳು ಶಾಂಭವಿಯ ಮಾವ, ಹುಬ್ಬಳ್ಳಿಯ ಸಿದ್ದರಾಮಪ್ಪನವರು. ಹೊಸ ಮನೆ ಕಟ್ಟಿಸಿ, ಹಾಲ್‌ನ ಗೋಡೆಗೆ ದೊಡ್ಡ ಟೀವಿ ಹಾಕಿಸಿ, ಮುಂದೆ ಹಿಂದೆ ಎಲ್ಲ ಕಡೆ ಸ್ಪೀಕರು ಬಡಿಸಿದ್ದರು. ಊಟವಾದ ಮೇಲೆ ಈರಬಸಪ್ಪನನ್ನು ಸೋಫಾದಲ್ಲಿ ಕೂರಿಸಿ ಸಿನಿಮಾ ಹಚ್ಚಿದರು. ಸಿನಿಮಾದಲ್ಲಿ ಎಲ್ಲೋ ಒಂದು ನಾಯಿ ಬೊಗಳಿತು. ಬೊಗಳಿದ್ದು ಈರಬಸಪ್ಪನ ಬೆನ್ನ ಹಿಂದೆ ಕೇಳಿತು. ಆತ ಧೋತರ ಎತ್ತಿ ಹಿಡಿದು, ಎರಡೂ ಕಾಲು ಸೋಫಾದ ಮೇಲಿಟ್ಟು, "ಹಚಾ! ಹಚಾ!" ಎಂದು ಕೂಗಿದ. ಬೀಗರು ನಕ್ಕರು. ಬೀಗಿತಿ ನಕ್ಕಳು. ಕಡೆಗೆ ಸ್ವಂತ ಮಗಳೂ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಓಡಿದಳು. ಬೀಳ್ಕೊಡುವಾಗ ಬೀಗರು, "ಬರೋ ಐತವಾರ ನಿಮ್ಮ ಅವ್ವನ್ನ ನೋಡಾಕ ದುಮ್ಮವಾಡಕ್ಕ ಬರ್ತೀವ್ರಿ. ನಾಯಿ ಕಟ್ಟಿಟ್ಟಿರ್ರಿ ಮತ್ತ" ಎಂದರು.

ಆ ಮಾತು ಈರಬಸಪ್ಪನಿಗೆ ನಾಟಿತು. ಸೊಸೈಟಿಯ ಗೋದಾಮಿನಲ್ಲಿ ಗೊಬ್ಬರದ ಚೀಲ ಎಣಿಸಿಕೊಂಡು ತಲೆ ಹಣ್ಣು ಮಾಡಿಕೊಂಡ ಮನುಷ್ಯ, ಯಾರೊಬ್ಬರಿಗೂ ಎದುರು ಮಾತಾಡಿದವನಲ್ಲ. ಬೀಗರನ್ನು ದುಮ್ಮವಾಡದ ತನ್ನ ಪಡಸಾಲೆಯಲ್ಲಿ ಕೂರಿಸಿ, ಅವರ ಬೆನ್ನ ಹಿಂದೆ ಒಂದು ನಾಯಿ ಬೊಗಳಿಸದಿದ್ದರೆ ತಾನು ಈರಬಸಪ್ಪನೇ ಅಲ್ಲ ಎಂದು ಬಸ್ಸಿನಲ್ಲೇ ನಿಶ್ಚಯ ಮಾಡಿಕೊಂಡು ಬಂದ.

ನನ್ನ ಹಿಟ್ಟಿನ ಗಿರಣಿ ಅವನ ಮನೆಯ ಎದುರಿಗೇ ಇದೆ. ಗಿರಣಿಯವನು ಓಣಿಯ ಸುದ್ದಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ಜೋಳದ ಡಬ್ಬಿಯ ಜೊತೆ ಅದೂ ಬರುತ್ತದೆ. ಆದರೆ ಸ್ಪೀಕರಿನ ಸುದ್ದಿ ಬಂದಾಗ ನಾನು ನಂಬಲಿಲ್ಲ. ಯಾಕೆಂದರೆ ಆ ಮನೆಯಲ್ಲಿ ಅವನ ತಾಯಿ ಮಲ್ಲಕ್ಕ ಸಾಯಲು ಮಲಗಿದ್ದಳು. ಕಲಘಟಗಿಯ ಡಾಕ್ಟರು, "ಮನಿಗೆ ಕರಕೊಂಡು ಹೋಗ್ರಿ, ಅವರು ಬೇಡಿದ್ದು ತಿನ್ನಾಕ ಕೊಡ್ರಿ" ಎಂದು ಕಳಿಸಿದ್ದರು. ಡಾಕ್ಟರು ಹಾಗಂದರೆ ಏನರ್ಥ ಅನ್ನುವುದು ಎಲ್ಲರಿಗೂ ಗೊತ್ತು.

ಮಲ್ಲಕ್ಕ ತಿನ್ನಲು ಏನನ್ನೂ ಬೇಡಲಿಲ್ಲ. ಅವಳು ಬೇಡಿದ್ದು ಒಂದೇ. "ನಮ್ಮ ನೀಲಿ ಒಮ್ಮೆ ಬಂದು ನನ್ನ ಅಕ್ಕಾ ಅನ್ನಲಿ. ಆಮ್ಯಾಲ ನೀವು ನನ್ನ ಎಲ್ಲಿಗೆ ಒಯ್ತೀರಿ ಒಯ್ರಿ."

ನೀಲಿ ಅಂದರೆ ನೀಲವ್ವ, ಮಲ್ಲಕ್ಕನ ತಂಗಿ, ಬಮ್ಮಿಗಟ್ಟಿಗೆ ಕೊಟ್ಟವಳು. ಅಕ್ಕತಂಗಿಯರು ಮಾತು ಬಿಟ್ಟು ಬಹಳ ವರ್ಷವಾಗಿತ್ತು. ಜಗಳ ಒಂದು ತೊಟ್ಟಿಲಿನದು. ಅವರ ತವರಿನ ಬಣ್ಣದ ತೊಟ್ಟಿಲು, ಕಲಘಟಗಿಯದೇ, ಮಲ್ಲಕ್ಕನ ಮನೆಯಲ್ಲಿತ್ತು. ನೀಲವ್ವನ ಮಗಳು ಹರಕೆ ಹೊತ್ತು ಹೊತ್ತು ಕಡೆಗೊಮ್ಮೆ ಬಸುರಾದಾಗ ನೀಲವ್ವ ತೊಟ್ಟಿಲು ಕಳಿಸು ಎಂದು ಹೇಳಿ ಕಳಿಸಿದಳು. ಮಲ್ಲಕ್ಕ, "ಮೊದಲ ಕೂಸು ಬರಲಿ, ಆಮ್ಯಾಲ ತೊಟ್ಟಿಲಾ" ಎಂದಳು. ಹುಟ್ಟುವ ಮೊದಲೇ ಖಾಲಿ ತೊಟ್ಟಿಲು ಮನೆಗೆ ತರಬಾರದು, ಅದಕ್ಕೆ ಅಂದದ್ದು. ಆದರೆ ಆ ಕೂಸು ಉಳಿಯಲಿಲ್ಲ. ಉಳಿಯದ ಮೇಲೆ ಆ ಮಾತಿಗೆ ಬೇರೆಯೇ ಅರ್ಥ ಬಂತು. ನೀಲವ್ವ ಮತ್ತೆ ದುಮ್ಮವಾಡದ ಕಡೆ ಮುಖ ಹಾಕಲಿಲ್ಲ.

ಈರಬಸಪ್ಪ ಬಮ್ಮಿಗಟ್ಟಿಗೆ ಹೋಗಿ ಚಿಗವ್ವ ನೀಲವ್ವನ ಕಾಲು ಹಿಡಿದು ಕರೆದಿದ್ದ. ಅವಳು ಒಳಗೂ ಕರೆಯದೆ, "ನಿಮ್ಮವ್ವ ಸತ್ತಾಗ ಬರ್ತೀನಿ. ಸುದ್ದಿ ಕಳಸು" ಎಂದು ಕದ ಹಾಕಿಕೊಂಡಳು. ಇದನ್ನು ಸಾಯುವ ತಾಯಿಗೆ ಹೇಳುವುದು ಹೇಗೆ? ಈರಬಸಪ್ಪ ಒಂದು ವಾರ "ಚಿಗವ್ವನ ಕಾಲು ಉಳುಕೈತಂತ" ಎಂದ. ಇನ್ನೊಂದು ವಾರ "ಆ ಕಡೆ ಬಸ್ಸ ಬಂದ್ ಅದಾವಂತ" ಎಂದ. ಆವತ್ತು ಬಮ್ಮಿಗಟ್ಟಿ ಕಡೆಯ ಬಸ್ಸು ಮನೆಯ ಮುಂದಿನ ರಸ್ತೆಯಲ್ಲೇ ಹಾರ್ನ್ ಹೊಡೆಯುತ್ತ ಹೋಯಿತು. ಮಲ್ಲಕ್ಕನಿಗೆ ಕಿವಿ ಮಂದ, ಆದರೂ ಅದು ಕೇಳಿತು. ಅಲ್ಲಿಂದ ಮುಂದೆ ಮಗ ಏನು ಹೇಳಿದರೂ ಅವಳು ಗೋಡೆಯ ಕಡೆ ಹೊರಳಿ ಮಲಗುವಳು.

ಇಂಥ ಮನೆಯಲ್ಲಿ ಸ್ಪೀಕರು ಯಾಕೆ ಎಂದು ಹೆಂಡತಿ ಶಿವಲೀಲಾ ಕೇಳಿದ್ದಕ್ಕೆ ಈರಬಸಪ್ಪ, "ಅವ್ವಗ ಸರಿಯಾಗಿ ಕೇಳಂಗಿಲ್ಲ, ಅದಕ್ಕ" ಎಂದ. ಆಕೆ ಹಣೆ ಹಣೆ ಬಡಿದುಕೊಂಡು ಬೀಗರ ಹೋಳಿಗೆಗೆ ಬೇಳೆ ಆರಿಸಲು ಹೋದಳು.

ಐತವಾರ ಮುಂಜಾನೆ ಮುಜಫರ್ ಬಂದ. ಹೊಲದ ಮೋಟಾರು ಕಟ್ಟುವುದು, ಮದುವೆಗೆ ಮೈಕು ಹಚ್ಚುವುದು ಅವನ ಕೆಲಸ. ಸುತ್ತಲೂ ಸ್ಪೀಕರು ಬಡಿಯುವುದು ಅವನಿಗೂ ಹೊಸದು. ಆದರೆ ಮುಜಫರ್ ಬರುವುದಿಲ್ಲ ಅನ್ನುವ ಮಾತನ್ನು ಜನ್ಮದಲ್ಲಿ ಆಡಿದವನಲ್ಲ. "ವೈರ್ ಅಂದ್ರ ವೈರ್ ರೀ ಮಾಮಾ. ಎಲ್ಲಾ ಒಂದ" ಎಂದು ಕೆಂಪು ಕಪ್ಪು ವೈರನ್ನು ಪಡಸಾಲೆಯ ತುಂಬ ಹರಡಿದ. ಟೀವಿಯ ಎಡಬಲಕ್ಕೆ ಎರಡು ಸ್ಪೀಕರು ಕೂತವು. ನೆಲದ ಮೇಲೆ ದಡ್ ದಡ್ ಅನ್ನುವ ಪೆಟ್ಟಿಗೆ ಕೂತಿತು. ತೊಂದರೆ ಬಂದದ್ದು ಹಿಂದಿನವುಗಳಿಗೆ.

ಬೀಗರದು ಸಿಮೆಂಟಿನ ಗೋಡೆ. ಈರಬಸಪ್ಪನದು ಅವನ ಮುತ್ತ್ಯಾ ಕಟ್ಟಿಸಿದ ಮಣ್ಣಿನ ಗೋಡೆ. ಮುಜಫರ್ ಡ್ರಿಲ್ಲು ಇಟ್ಟ ಕೂಡಲೆ ತೂತು ಬೀಳುವ ಬದಲು ಗೋಡೆಯೇ ಬುಟ್ಟಿ ಬುಟ್ಟಿ ಉದುರಿತು. ಮನೆ ತುಂಬ ಧೂಳು, ಡ್ರಿಲ್ಲಿನ ಚೀರಾಟ. ಶಿವಲೀಲಾ ಓಡಿ ಬಂದು, ಅತ್ತೆಗೆ ತ್ರಾಸಾಗಬಾರದೆಂದು ಆಕೆಯ ಎರಡೂ ಕಿವಿಗೆ ಅರಳೆ ತುರುಕಿ, ಮೇಲೆ ಒಂದು ಬಿಳಿ ಬಟ್ಟೆಯನ್ನು ಗದ್ದದ ಕೆಳಗಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿ ಕಟ್ಟಿದಳು. ಒಳ್ಳೆಯ ಸೊಸೆ, ಅದರಲ್ಲಿ ಎರಡು ಮಾತಿಲ್ಲ.

"ಮಾಮಾ, ಈ ಗ್ವಾಡಿಗೆ ಸ್ಕ್ರೂ ನಿಲ್ಲಂಗಿಲ್ಲ. ಕಟಗಿ ಗೂಟ ಹೊಡದು ಅದಕ್ಕ ಸ್ಕ್ರೂ ಹಾಕೋಣ್ರಿ" ಎಂದ ಮುಜಫರ್. ಜಾಲಿ ಕಟ್ಟಿಗೆ ತಂದು ದಪ್ಪ ಗೂಟ ಕೆತ್ತಿದರು. ಎಷ್ಟು ಎತ್ತರಕ್ಕೆ ಹೊಡೆಯಬೇಕು? ಕೂತವರ ಕಿವಿಯ ಅಳತೆಗೆ, ಎರಡೂ ಬಾಜು. "ಯಾರನ್ನರ ಕುಂದರಸ್ರಿ" ಎಂದ ಮುಜಫರ್. ಶಿವಲೀಲಾ ಹೋಳಿಗೆ ಬಿಟ್ಟು ಬರುವ ಹಾಗಿರಲಿಲ್ಲ. ಈರಬಸಪ್ಪ ವೈರು ಹಿಡಿದಿದ್ದ. ಉಳಿದವಳು ಮಲ್ಲಕ್ಕ. ಬೀಗರು ಬರುವರೆಂದು ಆಕೆಗೆ ಮುಂಜಾನೆಯೇ ಹೊಸ ಇಳಕಲ್ ಸೀರೆ ಉಡಿಸಿ, ಲಿಂಗಪೂಜೆ ಮಾಡಿಸಿ, ಹಣೆತುಂಬ ವಿಭೂತಿ ಹಚ್ಚಿದ್ದರು. ಖುರ್ಚಿಯಲ್ಲಿ ಕೂರಿಸಿ, ಗೋಡೆಗೆ ಆನಿಸಿ, ಜಾರಿ ಬೀಳಬಾರದೆಂದು ಎದೆಯ ಮೇಲಿಂದ ಒಂದು ಟವೆಲು ಬಿಗಿದರು. ಮುದುಕಿ ಅಲ್ಲೇ ನಿದ್ದೆ ಹೋದಳು. ಅವಳ ತಲೆಯ ಎರಡೂ ಬಾಜು ಈರಬಸಪ್ಪ ಗೂಟ ಹೊಡೆದ. ಠಣ್, ಠಣ್, ಠಣ್. ಓಣಿಗೆಲ್ಲ ಕೇಳಿತು.

ಈಗ ನಾನು ಒಂದು ವಿಷಯ ಬಿಡಿಸಿ ಹೇಳಲೇಬೇಕು. ನಮ್ಮ ಲಿಂಗಾಯತರಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ಹೊಸ ಬಟ್ಟೆ ಉಡಿಸಿ, ವಿಭೂತಿ ಹಚ್ಚಿ, ಪಡಸಾಲೆಯ ಗೋಡೆಗೆ ಆನಿಸಿ ಕೂರಿಸುತ್ತೇವೆ. ತಲೆ ವಾಲಬಾರದೆಂದು ಗದ್ದಕ್ಕೆ ಬಟ್ಟೆ ಕಟ್ಟುತ್ತೇವೆ. ಆ ಬಟ್ಟೆ ಬಿಗಿಯಲು ಗೋಡೆಗೆ ಗೂಟ ಹೊಡೆಯುತ್ತೇವೆ. ಆಮೇಲೆ ಮೈಕಿನಲ್ಲಿ ಭಜನೆಯ ಪದ ಹಚ್ಚುತ್ತೇವೆ. ಕಾಯಿಲೆಯವರಿರುವ ಮನೆಯೊಳಗಿಂದ ಮುಂಜಾನೆ ಹೊತ್ತು ಗೂಟದ ಸದ್ದು, ಅದರ ಹಿಂದೆ ಭಜನೆಯ ಪದ ಕೇಳಿತೆಂದರೆ ಯಾರೂ ಬಂದು ಹೇಳಬೇಕಾಗಿಲ್ಲ.

ಈರಬಸಪ್ಪನಿಗೆ ಇದು ಗೊತ್ತಿಲ್ಲವೆಂದಲ್ಲ. ಆದರೆ ಅವನ ತಲೆಯಲ್ಲಿ ನಾಯಿ ಕೂತಿತ್ತು.

ಹೊಸ ಸಾಮಾನು ಅಂದಮೇಲೆ ಪೂಜೆ ಆಗಬೇಕಲ್ಲ. ಊದಿನಕಡ್ಡಿ ಹಚ್ಚಿದರು, ಕಾಯಿ ಒಡೆದರು, ಚೆಂಡುಹೂವಿನ ಮಾಲೆಯನ್ನು ಆ ಗೂಟದಿಂದ ಈ ಗೂಟಕ್ಕೆ ಇಳಿಬಿಟ್ಟರು. ಅದು ಸರಿಯಾಗಿ ಮಲ್ಲಕ್ಕನ ಕೊರಳ ಮೇಲೆ ಬಂದು ಕೂತಿತು. "ಮೊದಲ ದೇವರದು ಹಚ್ಚಲೇ" ಎಂದ ಈರಬಸಪ್ಪ. ಮುಜಫರ್ ಭಜನೆಯ ಪದ ಹಚ್ಚಿದ. ಹಿಂದಿನ ಸ್ಪೀಕರಿನ ದನಿ ಸಣ್ಣದಾಯಿತೆಂದು ಮದುವೆಗೆ ಒಯ್ಯುವ ತನ್ನ ದೊಡ್ಡ ಆಂಪ್ಲಿಫೈಯರನ್ನೇ ತಂದು ಜೋಡಿಸಿದ. ದನಿ ಊರ ಅಗಸಿ ಬಾಗಿಲವರೆಗೆ ಹೋಯಿತು.

ಮೊದಲು ಓಡಿ ಬಂದವನು ಹುಲಿಗೆಪ್ಪ. ಊರಲ್ಲಿ ಯಾರೇ ಸತ್ತರೂ ಹತ್ತು ಊರಿಗೆ ಫೋನು ಮಾಡುವ ಕೆಲಸವನ್ನು ಯಾರೂ ಹೇಳದೆಯೇ ಹೊತ್ತುಕೊಂಡವನು. ಈರಬಸಪ್ಪ ಬಾಗಿಲಲ್ಲಿ ಸುತ್ತಿಗೆ ಹಿಡಿದು ಬೆವರು ಒರೆಸುತ್ತ ನಿಂತಿದ್ದ. ಭಜನೆಯ ಗದ್ದಲಕ್ಕೆ ಇಬ್ಬರೂ ಕೂಗಿ ಮಾತಾಡುತ್ತಿದ್ದರು, ನನ್ನ ಗಿರಣಿಗೂ ನೆಟ್ಟಗೆ ಕೇಳುತ್ತಿತ್ತು.

"ಈರಬಸಣ್ಣಾರ, ಯಾವಾಗ ಆತ್ರಿ?"

"ಈಗ ಆತ ನೋಡ. ಬಾಳ ದಿನದಿಂದ ಜೀವಾ ತಿಂತಿತ್ತು, ಇವತ್ತ ಮುಗೀತು."

ಹುಲಿಗೆಪ್ಪ ಟೊಪ್ಪಿಗೆ ತೆಗೆದ. "ಬಾಳ ತ್ರಾಸ ಆತೇನ್ರಿ?"

"ತ್ರಾಸಂದ್ರ ತ್ರಾಸ? ಮಣ್ಣಿನ ಗ್ವಾಡಿ. ಗೂಟ ನಿಲ್ಲವಲ್ದು."

"ಅವ್ವಾರನ್ನ ಕುಂದರಿಸೀರಿ?"

"ನಡುಗ್ವಾಡಿಗೆ ಕುಂದರಿಸೀನಿ. ಅಗದಿ ಚಲೋ ಕುಂತಾಳ. ಅಳ್ಳಾಡಂಗಿಲ್ಲ."

"ಮಂದಿಗೆ ಹೇಳಲ್ಯಾ?"

"ಹೇಳಲೇ! ಎಲ್ಲಾರೂ ಬಂದು ನೋಡ್ಲಿ. ಬೀಗ್ರೂ ಬರಾಕತ್ತಾರ."

"ಬಮ್ಮಿಗಟ್ಟಿ ನೀಲವ್ವಾರಿಗೆ?"

ಈರಬಸಪ್ಪನ ಮುಖ ಒಂದು ಗಳಿಗೆ ಸಪ್ಪಗಾಯಿತು. "ನಾ ಕರದ್ರ ಬರಲಿಲ್ಲ. ನೀ ಹೇಳಿ ನೋಡು. ಬಂದ್ರ ಅವ್ವನ ಪುಣ್ಯಾ."

ಹುಲಿಗೆಪ್ಪ ಕಣ್ಣೊರೆಸಿಕೊಂಡು ಫೋನು ತೆಗೆದ. ನಾನು ಗಿರಣಿ ಬಂದ್ ಮಾಡಿದೆ. ಹಿಟ್ಟಿಗೆ ಬಂದಿದ್ದ ಹೆಂಗಸರು ಡಬ್ಬಿಗಳನ್ನು ಅಲ್ಲೇ ಬಿಟ್ಟು ಸೆರಗು ತಲೆಯ ಮೇಲೆ ಎಳೆದುಕೊಂಡರು.

ಸ್ವಲ್ಪ ಹೊತ್ತಿಗೆಲ್ಲ ಆ ಮನೆಯ ಮುಂದೆ ಓಣಿ ಓಣಿಯೇ ನಿಂತಿತು. ಈರಬಸಪ್ಪ ತನ್ನ ಸ್ಪೀಕರು ನೋಡಲು ಇಷ್ಟೊಂದು ಮಂದಿ ಬಂದರಲ್ಲ ಎಂದು ಉಬ್ಬಿಹೋದ. "ಬರ್ರಿ, ಬರ್ರಿ, ಒಳಗ ಬರ್ರಿ. ಎಲ್ಲಾರೂ ಪಾಳೇ ಹಚ್ರಿ. ಒಂದ ಸಲಕ್ಕ ಐದೈದ ಮಂದಿ" ಎಂದು ಕೂಗಿದ. ಬಂದವರು ಮಲ್ಲಕ್ಕನ ಮುಂದೆ ಕೈಮುಗಿದು, ಕಣ್ಣೀರು ಹಾಕಿ, ಹಿಂದೆ ಸರಿದರು. ಭಜನೆ ಇಷ್ಟು ಮನಸ್ಸಿಗೆ ಹತ್ತಿತೇ ಎಂದು ಅವನಿಗೂ ಕಣ್ಣು ತೇವವಾಯಿತು. ಒಬ್ಬ ಅಜ್ಜಿಯ ಹತ್ತಿರ ಬಾಗಿ, "ಹೆಂಗೈತಬೇ ಯವ್ವಾ? ಹಿಂದಿಂದ ಬರ್ತೈತಿಲ್ಲ?" ಎಂದು ಕೇಳಿದ. ಅಜ್ಜಿ, "ಎಲ್ಲಾರೂ ಅಕಿ ಹಿಂದಿಂದ ಹೋಗವರಪಾ" ಎಂದು ಅತ್ತಳು.

ಅಷ್ಟರಲ್ಲಿ ಒಳಗಿಂದ ಹೋಳಿಗೆ ಬೇಯುವ ವಾಸನೆ ಬಂತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹೆಣಾ ಕುಂದರಿಸಿ ಹೋಳಿಗಿ ಮಾಡಾಕತ್ತಾಳಲ್ಲಬೇ ಈಕಿ!"

"ಅತ್ತಿ ಹೋದ ಖುಷಿ ನೋಡವ್ವಾ."

ಶಿವಲೀಲಾ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತಿದ್ದಳು. ಆ ದನಿಯಲ್ಲಿ ಅವಳಿಗೆ ಯಾವುದೂ ಕೇಳುತ್ತಿರಲಿಲ್ಲ. ಬೀಗರ ಕಾರು ಬಂತು. ಓಣಿಯ ಬಾಯಿಗೇ ಸುದ್ದಿ ತಿಳಿದು ಸಿದ್ದರಾಮಪ್ಪನವರು ಒಂದು ದೊಡ್ಡ ಹಾರ ಕೊಂಡು ತಂದರು. ಈರಬಸಪ್ಪ ಅದನ್ನು ತನಗೆಂದು ತಿಳಿದು ಕೊರಳು ಬಗ್ಗಿಸಿದ. ಬೀಗರು ಅವನನ್ನು ದಾಟಿ ಹೋಗಿ ಮಲ್ಲಕ್ಕನಿಗೆ ಹಾಕಿದರು. ಹೊಲದ ಕಡೆ ನಾಲ್ಕು ಮಂದಿ ಸನಿಕೆ, ಗುದ್ದಲಿ ಹಿಡಿದು ಕುಣಿ ತೋಡಲು ಆಗಲೇ ಹೋಗಿದ್ದರು.

ಆಗ ಬಮ್ಮಿಗಟ್ಟಿಯಿಂದ ಟಂಟಂ ರಿಕ್ಷಾ ಬಂದು ನಿಂತಿತು. ನೀಲವ್ವ ಇಳಿದಳು.

ಜನ ದಾರಿ ಬಿಟ್ಟರು. ಆಕೆ ಹೊಸ್ತಿಲಿನ ಹೊರಗೆ ಒಮ್ಮೆ ನಿಂತು ಒಳಗೆ ನೋಡಿದಳು. ಗೋಡೆಗೆ ಆನಿಸಿ ಕೂರಿಸಿದ ಅಕ್ಕ, ಹಣೆಯ ತುಂಬ ವಿಭೂತಿ, ಗದ್ದಕ್ಕೆ ಕಟ್ಟಿದ ಬಟ್ಟೆ, ಕೊರಳಲ್ಲಿ ಹಾರ. ಅಲ್ಲಿಂದ ಆಕೆ ನಡೆಯಲಿಲ್ಲ, ಬಿದ್ದು ಎದ್ದು ಬಿದ್ದು ಹೋಗಿ ಅಕ್ಕನ ಕಾಲು ಹಿಡಿದುಕೊಂಡು ಭಜನೆಯನ್ನೂ ಮೀರುವ ದನಿಯಲ್ಲಿ ಹಾಡಿ ಅಳತೊಡಗಿದಳು.

"ಯವ್ವಾ ನಮ್ಮಕ್ಕಾ... ಸಂತ್ಯಾಗ ನನ್ನ ಕೈ ಹಿಡದು ನಡಸಿದಾಕಿ, ಇವತ್ತ ಹೇಳದ ಹೆಂಗ ಹೋದೆವ್ವಾ... ಖಾಲಿ ತೊಟ್ಟಿಲಾ ಬ್ಯಾಡಂತ ನೀ ನನ್ನ ಒಳ್ಳೇದಕ್ಕ ಅಂದಿ, ನಾ ಅದನ್ನ ಹುಣ್ಣ ಮಾಡಿ ಎದ್ಯಾಗ ಇಟಗೊಂಡೆ... ಗೊತ್ತಿತ್ತವ್ವಾ ನನಗ, ಗೊತ್ತಿದ್ದೂ ಬರಲಿಲ್ಲ... ನೀ ಕರದಿ, ಮಗನ್ನ ಕಳಿಸಿದಿ, ಕದಾ ಹಾಕಿದೆ, ನನ್ನ ಸೊಕ್ಕಿಗೆ ಬೆಂಕಿ ಬೀಳಲಿ... ತಪ್ಪೆಲ್ಲಾ ನಂದವ್ವಾ ಅಕ್ಕಾ... ಒಮ್ಮೆ ನೀಲೀ ಅನ್ನ... ಒಮ್ಮೆ ಅನ್ನವ್ವಾ..."

ಅಲ್ಲಿದ್ದ ಒಬ್ಬರ ಕಣ್ಣೂ ಒಣಗಿರಲಿಲ್ಲ. ನನ್ನದೂ. ಈರಬಸಪ್ಪ ಮಾತ್ರ ಬಾಯಿ ತೆರೆದು ನಿಂತಿದ್ದ. ಆ ಹೊತ್ತಿಗೆ ಅವನ ತಲೆಯಲ್ಲಿ ಬೆಳಕು ಬಿದ್ದಿತ್ತು. "ಚಿಗವ್ವಾ! ಏ ಚಿಗವ್ವಾ! ಮುಜಫರಾ, ಬಂದ್ ಮಾಡಲೇ!" ಎಂದು ಕಿರುಚುತ್ತಿದ್ದ. ಎಲ್ಲ ಸ್ಪೀಕರುಗಳ, ಆ ಅಳುವಿನ ನಡುವೆ ಅವನ ದನಿ ಅವನಿಗೇ ಕೇಳುತ್ತಿರಲಿಲ್ಲ. ಮುಜಫರ್, ದನಿ ಇನ್ನೂ ಹೆಚ್ಚು ಮಾಡು ಎಂದನೆಂದು ತಿಳಿದು ಗುಂಡಿ ತಿರುವಿದ. ಓಣಿಯ ಕರೆಂಟೇ ಹೋಯಿತು.

ಇಡೀ ಊರು ಸುಮ್ಮನಾಯಿತು. ಆ ನಿಶ್ಶಬ್ದದಲ್ಲಿ ಮಲ್ಲಕ್ಕ ಕಣ್ಣು ತೆರೆದಳು. ಕಾಲ ಮೇಲಿದ್ದ ತಲೆಯನ್ನು ನೋಡಿದಳು.

"ನೀಲೀ," ಎಂದಳು. "ಯಾವಾಗ ಬಂದಿ? ಊಟಾ ಮಾಡಿದಿ?"

ಆಮೇಲೆ ಏನಾಯಿತೆಂದು ಕ್ರಮವಾಗಿ ಹೇಳುವುದು ಕಷ್ಟ. ಹುಲಿಗೆಪ್ಪ ವೈರಿನಲ್ಲಿ ಕಾಲು ಸಿಕ್ಕಿಸಿಕೊಂಡು ಟೀವಿಯನ್ನು ತಬ್ಬಿಕೊಂಡು ಬಿದ್ದ. ಬೀಗಿತಿ ಮಂಚದ ಕೆಳಗೆ ಹೊಕ್ಕಳು. ಸಿದ್ದರಾಮಪ್ಪನವರು ಸೋಫಾ ಇಲ್ಲದ್ದರಿಂದ ಜೋಳದ ಚೀಲಗಳ ಮೇಲೆ ಎರಡೂ ಕಾಲಿಟ್ಟು ನಿಂತರು. ಈರಬಸಪ್ಪ ಅಷ್ಟು ದಿನದಿಂದ ಬಯಸಿದ್ದ ನೋಟ ಅದೇ. ಅವನು ಅದನ್ನು ನೋಡಲಿಲ್ಲ, ಅವನ ಕಣ್ಣು ಚಿಗವ್ವನ ಮೇಲಿತ್ತು.

ನೀಲವ್ವ ನಿಧಾನ ಎದ್ದಳು. ಅಕ್ಕನನ್ನು ನೋಡಿದಳು, ಗೂಟ ನೋಡಿದಳು, ಹಾರ ನೋಡಿದಳು. ಅವಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ನಾಟಕಾ ಹೂಡೀರಿ? ನನ್ನ ಬಾಯಿಲೆ ತಪ್ಪ ನಂದು ಅನಸಾಕ ಸತ್ತಂಗ ಕುಂದರಿಸೀರಿ ಅಕಿನ್ನ?"

"ಚಿಗವ್ವಾ, ಹಂಗಲ್ಲಬೇ. ಅದು ಕಿವಿ ಅಳತಿ ತಗೋಳಾಕ..."

"ನಿನ್ನ ಕಿವಿ ಅಳತಿ ಬಾವ್ಯಾಗ ಹಾಕು! ಊರ ಮಂದಿ ಮುಂದ ನನ್ನ ಮಾನಾ ತಗದ್ಯಲ್ಲೋ!"

ಹೊರಗೆ ಹೋದಳು. ಟಂಟಂ ಇನ್ನೂ ತಿರುಗಿಸಿರಲಿಲ್ಲ, ಹಿಮ್ಮುಖವಾಗಿಯೇ ಓಣಿ ದಾಟಿತು. ಆಗ ಶಿವಲೀಲಾ ಬಂದು ಅತ್ತೆಯ ಗಂಟು ಬಿಚ್ಚಿ, ಕಿವಿಯಿಂದ ಅರಳೆ ತೆಗೆದಳು. ಮಲ್ಲಕ್ಕ ಬಾಗಿಲ ಕಡೆಗೇ ನೋಡುತ್ತ ಕೇಳಿದಳು:

"ಏನಂದ್ಲು ಆಕಿ? ಬಾಯಿ ಆಡಸಾಕತ್ತಿದ್ಲು. ಏನಂದ್ಲು?"

ಮಂದಿಯೆಲ್ಲ ಓಡಿಹೋಗಿ, ಮನೆಯವರು, ಬೀಗರು ಬಿಟ್ಟರೆ ಆ ಹೊತ್ತಿಗೆ ಒಳಗಿದ್ದವನು ನಾನೊಬ್ಬನೇ. ನಾನು ಶಿವಲೀಲಾಳ ಕೈಯಲ್ಲಿದ್ದ ಅರಳೆಯನ್ನು ನೋಡಿದೆ.

ಬೀಗರು ಉಣ್ಣದೆ ಹೋದರು. ತೋಡಿದ ಕುಣಿಯನ್ನು ಖಾಲಿ ಬಿಡಬಾರದೆಂದು ಹಿರಿಯರು ಹೇಳಿದ್ದರಿಂದ ಸ್ಪೀಕರಿನ ರಟ್ಟಿನ ಪೆಟ್ಟಿಗೆಯನ್ನು ಅದರೊಳಗೆ ಇಟ್ಟು, ಮಠದ ಅಯ್ಯನವರ ಕೈಯಿಂದ ವಿಭೂತಿ ಹಾಕಿಸಿ ಮುಚ್ಚಿದರು. ಗ್ಯಾರಂಟಿ ಕಾರ್ಡು ಅದರೊಳಗೇ ಇತ್ತು. ಒಲೆಯ ಮುಂದಿನ ಹೋಳಿಗೆಯನ್ನು ಶಿವಲೀಲಾ ಸಂಜೆ ಓಣಿಯ ತುಂಬ ಹಂಚಿದಳು. ಯಾವ ಲೆಕ್ಕದ ಹೋಳಿಗೆ ಎಂದು ತಿಳಿಯದೆ ಜನ ಹೆದರಿ ಹೆದರಿ ತಿಂದರು.

ಮಲ್ಲಕ್ಕನದು ಒಂದೇ ಪ್ರಶ್ನೆ. "ನೀಲಿ ಏನಂದ್ಲು?"

ಈರಬಸಪ್ಪ ಅಕ್ಷರ ಬಿಡದೆ ಹೇಳಿದ. ತೊಟ್ಟಿಲಿನ ಮಾತು ಹೇಳಿದ, ತಪ್ಪು ನಂದು ಅಂದದ್ದು ಹೇಳಿದ. ಮುದುಕಿ ಗೋಡೆಯ ಕಡೆ ಹೊರಳಿದಳು. "ಬಸ್ಸ ಬಂದ್ ಅದಾವ ಅಂದಾಂವ ನೀನ. ಅಕಿ ಹಂಗ ಅಂದಿದ್ರ ಹಂಗ ಯಾಕ ಸಿಟ್ಟ ಮಾಡಕೊಂಡು ಹೋಗತಿದ್ಲು?" ಶಿವಲೀಲಾ ಹೇಳಿದಳು. ಆಕೆಗೆ ಮುದುಕಿ, "ನೀ ಅಡಗಿಮನ್ಯಾಗ ಇದ್ದಿ, ನಿನಗೇನ ಕೇಳ್ತದ" ಎಂದಳು. ಹುಲಿಗೆಪ್ಪನನ್ನು ಕರೆತಂದು ಹೇಳಿಸಿದರು. "ಬದಕಿದ್ದವರನ್ನ ಸತ್ತಾರಂತ ಹೇಳಾಂವ ನೀ" ಎಂದಳು. ಕಡೆಗೆ ನಾನು ಹೋಗಿ ದೇವರ ಮೇಲೆ ಆಣೆ ಮಾಡಿದೆ. ಮಲ್ಲಕ್ಕ ನನ್ನನ್ನು ಬಹಳ ಹೊತ್ತು ನೋಡಿ, "ನೀ ಜ್ವಾಳದ ಹಿಟ್ಟಿನ್ಯಾಗ ಮೆಕ್ಕಿಜೋಳಾ ಕೂಡಿಸಿ, ಇಲ್ಲಂತ ಇದ ದೇವರ ಮ್ಯಾಲ ಆಣಿ ಮಾಡಿದ್ದಿ" ಎಂದಳು. ಅದು ಸುಳ್ಳು. ಆದರೆ ಸಾಯುವವರ ಜೊತೆ ವಾದ ಮಾಡಬಾರದು.

"ಅಕಿ ಬಾಯಿಲೆ ಹೇಳಲಿ," ಎನ್ನುವಳು. "ಇನ್ನೊಮ್ಮೆ. ನಾ ಕೇಳತೀನಿ."

ಈರಬಸಪ್ಪ ಮತ್ತೆ ಬಮ್ಮಿಗಟ್ಟಿಗೆ ಹೋದ. ದಾರಿಯುದ್ದಕ್ಕೂ ಹೇಳುವುದನ್ನು ಬಾಯಿಪಾಠ ಮಾಡಿಕೊಂಡು ಹೋದ: ಚಿಗವ್ವಾ, ಅವ್ವನ ಕಿವ್ಯಾಗ ಅರಳಿ ಇತ್ತು, ಅಕಿಗೆ ಏನೂ ಕೇಳಿಲ್ಲ, ಇನ್ನೊಮ್ಮೆ ಬಂದು ಹೇಳಬೇ. ಈ ಸಲ ನೀಲವ್ವ ಕದ ಹಾಕಲಿಲ್ಲ. ಒಳಗೆ ಕರೆದು, ಚಾ ಕೊಟ್ಟು, ಅವನು ಬಾಯಿ ತೆರೆಯುವ ಮೊದಲೇ ಹೇಳಿದಳು:

"ಈರಬಸೂ, ಅವತ್ತ ಸಿಟ್ಟಿನ್ಯಾಗ ಎದ್ದ ಬಂದೆ. ಮನಿಗೆ ಬಂದು ಕುಂತ ಮ್ಯಾಲ ಎದಿ ಹಗರಾತು ನೋಡಪಾ. ಇಷ್ಟ ವರ್ಷದ್ದು ಒಮ್ಮಿಗೇ ಹೇಳಿಬಿಟ್ಟೆ, ಅಕ್ಕ ಕಣ್ಣ ತೆರದು ಕೇಳಿದ್ಲು. ಈಗ ನಿದ್ದಿ ಹತ್ತತೈತಿ ನನಗ. ಆದ್ರ ಮತ್ತ ಆ ಓಣ್ಯಾಗ ಕಾಲಿಡಾಕ ನಾಚಿಕಿ. ಅಷ್ಟ ಬಿಟ್ಟಬಿಡು."

ಈರಬಸಪ್ಪ ಚಾ ಕುಡಿದ. ಅರಳೆಯ ಮಾತು ಬಾಯಿಗೆ ಬರಲಿಲ್ಲ. ಹೇಳಿದರೆ ಈಕೆಯ ನಿದ್ದೆ ಹೋಗುತ್ತದೆ, ಹೇಳದಿದ್ದರೆ ಅವ್ವನ ಜೀವ ಹೋಗುವುದಿಲ್ಲ. ಅವನಿಗಿಂತ ಬುದ್ಧಿವಂತರಿಗೂ ಅದು ಬಿಡಿಸುವ ಗಂಟಾಗಿರಲಿಲ್ಲ. ತಿರುಗಿ ಬಂದು ನನ್ನ ಗಿರಣಿಯ ಕಟ್ಟೆಯ ಮೇಲೆ ಕೂತು, ಹಿಟ್ಟಿನ ಧೂಳು ಮೈಮೇಲೆ ಬಿದ್ದದ್ದನ್ನೂ ಝಾಡಿಸಿಕೊಳ್ಳದೆ, "ನಾ ಒಬ್ಬ ಮೂಳ ನೋಡಪಾ" ಎಂದ. ನಾನು ಅಲ್ಲ ಎನ್ನಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ಮಲ್ಲಕ್ಕ ಹೋದಳು. ಈ ಸಲ ಖರೆ.

ಈರಬಸಪ್ಪ ಬಾಗಿಲಿಗೆ ಬಂದು ನಿಂತ. ಓಣಿಯಲ್ಲಿ ಯಾರೂ ಏಳಲಿಲ್ಲ. "ಅವ್ವ ಹೋದ್ಲೋ" ಎಂದ. ಹಾಲು ತರುತ್ತಿದ್ದ ಹುಲಿಗೆಪ್ಪ ನಕ್ಕು, "ಪದಾ ಹಚ್ರಿ ಮೊದಲ, ಆಮ್ಯಾಲ ಬರ್ತೀವಿ" ಎಂದ. ಈರಬಸಪ್ಪ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತ. ಹುಲಿಗೆಪ್ಪನ ಕೈಯಿಂದ ಹಾಲಿನ ಗಿಂಡಿ ಬಿತ್ತು. ಭಜನೆ ಹಚ್ಚಲು ಈರಬಸಪ್ಪ ಬಿಡಲಿಲ್ಲ. ಮುಜಫರ್ ಬಂದು ಸ್ಪೀಕರುಗಳನ್ನು ಬಿಚ್ಚಿ ಗೂಟ ಖಾಲಿ ಮಾಡಿಕೊಟ್ಟ. ಹೊಸ ಗೂಟ ಹೊಡೆಯುವ ಕೆಲಸ ಬೀಳಲಿಲ್ಲ.

ಬಮ್ಮಿಗಟ್ಟಿಗೆ ಈರಬಸಪ್ಪನೇ ಫೋನು ಮಾಡಿದ. ನಾನು ಬಾಜು ಇದ್ದೆ, ಆ ಕಡೆಯ ಮಾತೂ ಕೇಳುತ್ತಿತ್ತು.

"ಮತ್ತ ಶುರು ಮಾಡಿದೇನೋ? ಫೋನ ಅಕಿ ಕೈಯಾಗ ಕೊಡು."

"ಕೊಡಾಕ ಬರೂದಿಲ್ಲ ಚಿಗವ್ವಾ."

ಆ ಕಡೆ ಫೋನು ಇಟ್ಟ ಸದ್ದು.

ನೀಲವ್ವ ಬಂದಳು. ಈ ಸಲ ಓಡಲಿಲ್ಲ. ಅಕ್ಕನ ಎದುರಿಗೆ ಕೂತು, ಗದ್ದದ ಬಟ್ಟೆಯನ್ನು ನೋಡಿದಳು, ಹಣೆ ಮುಟ್ಟಿದಳು, ತಣ್ಣಗಿದೆ ಎಂದು ಖಾತ್ರಿ ಮಾಡಿಕೊಂಡಳು. ಸುತ್ತಲಿನ ಹೆಂಗಸರು ಆಕೆ ಹಾಡಿ ಅಳುವಳೆಂದು ಕಾದರು. ಆಕೆ ಅಕ್ಕನ ಸೆರಗನ್ನು ಸರಿ ಮಾಡುತ್ತ ಕೂತಳು. ಒಬ್ಬಾಕೆ ತಡೆಯಲಾರದೆ, "ಅಳವ್ವಾ, ಹೇಳೂದು ಹೇಳಿ ಅತ್ತಬಿಡು, ಎದ್ಯಾಗ ಇಟಗೋಬ್ಯಾಡ" ಎಂದಳು.

"ನಂದೇನೂ ಉಳದಿಲ್ಲವ್ವಾ," ಎಂದಳು ನೀಲವ್ವ. "ಎಲ್ಲಾ ಅವತ್ತ ಹೇಳೀನಿ. ಬದಕಿದ್ದಾಗನ ಹೇಳೀನಿ. ನಮ್ಮಕ್ಕ ಕೇಳಿ ಹೋಗ್ಯಾಳ." ಆಮೇಲೆ ಈರಬಸಪ್ಪನ ಕಡೆ ತಿರುಗಿದಳು. "ಹೌದಲ್ಲೋ ಈರಬಸೂ? ಕೇಳ್ಯಾಳಲ್ಲ ಅಕಿ?"

ಶಿವಲೀಲಾ ನೆಲ ನೋಡಿದಳು. ನಾನು ಜಂತಿ ನೋಡಿದೆ.

"ಹೂಂ ಚಿಗವ್ವಾ," ಎಂದ ಈರಬಸಪ್ಪ. "ಎಲ್ಲಾ ಕೇಳಿದ್ಲು."

"ಕೇಳಿ ಏನಂದ್ಲು?"

ಈರಬಸಪ್ಪ ತಾಯಿಯ ಮುಖ ನೋಡಿದ. ಎಂದೂ ಒಂದು ಸುಳ್ಳನ್ನೂ ನೆಟ್ಟಗೆ ದಡ ಮುಟ್ಟಿಸದ ಮನುಷ್ಯ. ಇವನು ಈಗ ಏನಾದರೂ ಬಸ್ಸು, ಉಳುಕು ಎಂದು ಹೇಳಿ ಎಲ್ಲ ಕೆಡಿಸುವನೆಂದು ನಾನು ಹೆದರಿದೆ.

"ಏನೂ ಅನಲಿಲ್ಲ ಚಿಗವ್ವಾ," ಎಂದ. "ನಕ್ಕಳು."

"ನಕ್ಕಳಾ?"

"ಹೂಂ. ನೀ ಹೋದ ಮ್ಯಾಲ. ಬಾಳ ಹೊತ್ತ ನಕ್ಕಳು."

ನೀಲವ್ವ ಅಕ್ಕನ ಕಡೆ ತಿರುಗಿ, ಆ ಮುಖದಲ್ಲಿ ಆ ನಗೆ ಎಲ್ಲಿತ್ತೆಂದು ಹುಡುಕುವಂತೆ ನೋಡಿದಳು. "ಅಷ್ಟ ಸಾಕಿತ್ತವ್ವಾ ನನಗ" ಎಂದಳು. ಆಮೇಲೆ ಅಕ್ಕನ ಮೊಣಕಾಲ ಮೇಲೆ ತಲೆ ಇಟ್ಟು, ಹಾಡದೆ, ಮಾತಿಲ್ಲದೆ ಅತ್ತಳು. ಈರಬಸಪ್ಪ ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು, ಕುಣಿ ತೋಡಿ ಬಂದವರು ಎತ್ತೋಣು ಎನ್ನುವವರೆಗೂ ಹಾಗೇ ನಿಂತಿದ್ದ.